ಸೇವೆ ಯಾರದು, ಸಂಬಳ ಯಾರದು?

ನಮ್ಮ ಕೇರಿಗಳ ಹುಡುಗ ಹುಡುಗಿಯರು ಈಗ ಹೊಸದೊಂದು ಕೆಲಸಕ್ಕೆ ಹೋಗುತ್ತಿದ್ದಾರೆ. ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿ, ಕೆಲವು ತಿಂಗಳ ತರಬೇತಿ ಪಡೆದು, ಆಸ್ಪತ್ರೆಗಳಲ್ಲಿ ನರ್ಸಿಂಗ್ ಸಹಾಯಕರಾಗುತ್ತಿದ್ದಾರೆ. ಸರ್ಟಿಫಿಕೇಟಿನಲ್ಲಿ 'ಜನರಲ್ ಡ್ಯೂಟಿ ಅಸಿಸ್ಟೆಂಟ್' ಎಂಬ ಹೆಸರು. ವಾರ್ಡಿನಲ್ಲಿ 'ಏ ಆಯಾ' ಎಂಬ ಕೂಗು. ಹಾಸಿಗೆ ಹಿಡಿದವರ ಮೈ ಒರೆಸುವುದು, ಬೆಡ್‌ಪ್ಯಾನ್ ಇಟ್ಟು ತೆಗೆಯುವುದು, ಗಂಜಿ ಕುಡಿಸುವುದು, ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಸತ್ತರೆ ಹೆಣ ಸಾಗಿಸುವುದು – ಇದು ಅವರ ದುಡಿಮೆ.

ಸಂಬಳ ಎಷ್ಟು ಅಂತ ಕೇಳಿದರೆ ಬರುವ ಉತ್ತರ: "ಇದು ಸೇವೆ ಕಣಮ್ಮ. ಈಗ ತಾನೇ ಕಲಿತು ಬಂದಿದ್ದೀಯ, ಆಗಲೇ ದುಡ್ಡಿನ ಮಾತಾ?" ಕೇಳಿದವಳೇ ತಲೆ ತಗ್ಗಿಸಬೇಕು! ನರಳುವವರ ಪಕ್ಕ ನಿಂತು ಕೂಲಿ ಕೇಳುವುದು ಪಾಪವೆ? ಇದು ನಮ್ಮ ಪ್ರಶ್ನೆ.

ಸೇವೆಯನ್ನು ನಾವು ಹಗುರ ಮಾಡುವುದಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಹಣ ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅದು ಆ ತಾಯಿ ತಾನಾಗಿ ಕೊಟ್ಟದ್ದು. ಕೊಡಲೇಬೇಕು ಅಂತ ಇನ್ನೊಬ್ಬರು ಕಿತ್ತುಕೊಂಡರೆ ಅದಕ್ಕೆ ನಮ್ಮ ಅಜ್ಜಂದಿರ ಕಾಲದಿಂದ ಬೇರೆ ಹೆಸರಿದೆ: ಬಿಟ್ಟಿ ಚಾಕರಿ. ಅದೇ ಖಾಸಗಿ ಆಸ್ಪತ್ರೆಯಲ್ಲಿ ಹಾಸಿಗೆಗೆ ಬಾಡಿಗೆ ಉಂಟು, ಸ್ಕ್ಯಾನಿಂಗಿಗೆ ದರ ಉಂಟು, ದೊಡ್ಡ ಡಾಕ್ಟರರಿಗೆ ಫೀಸು ಉಂಟು. ಅವರಿಗೆ ಯಾರೂ ಸೇವೆಯ ಪಾಠ ಹೇಳುವುದಿಲ್ಲ. ಮಲ ಎತ್ತುವ ಕೈಗೆ ಮಾತ್ರ ಯಾಕೆ ಹೇಳ್ತಾರೆ? ಆ ಕೈ ಯಾವ ಕೇರಿಯಿಂದ ಬಂತು ಅಂತ ವಿಚಾರಿಸಿ, ಉತ್ತರ ಸಿಗುತ್ತೆ.

"ಯಾರೂ ಬಲವಂತ ಮಾಡಿಲ್ಲ, ಒಪ್ಪಿಕೊಂಡೇ ಬಂದಿದ್ದಾಳೆ" ಎಂಬುದು ಇನ್ನೊಂದು ಮಾತು. ಇದಕ್ಕೆ 1982ರಲ್ಲೇ ಉತ್ತರ ಬಂದಿದೆ. ದೆಹಲಿಯ ಏಷ್ಯಾಡ್ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಹಸಿವೂ ಒಂದು ಬಲವಂತವೇ. ಹೊಟ್ಟೆ ಕಟ್ಟಿಕೊಂಡು ಹಾಕಿದ ಸಹಿಯನ್ನು ಒಪ್ಪಿಗೆ ಅನ್ನುವುದು ಹೇಗೆ?

"ಹೊಸಬಳು" ಅನ್ನುವುದೂ ನಿಲ್ಲದ ಮಾತು. ಮಗ್ಗುಲು ಬದಲಿಸುವ ಕೈ ಹೊಸದು ಅಂತ ಮುದುಕನ ಮೈಭಾರ ಕಡಿಮೆಯಾಗುತ್ತದೆಯೆ? ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ ಅನುಭವ ನೋಡಿ ಬರುತ್ತದೆಯೆ? ಅನುಭವಕ್ಕೆ ಹೆಚ್ಚು ಕೊಡಲಿ, ನ್ಯಾಯ. ಆದರೆ ಬದುಕಲು ಬೇಕಾದಷ್ಟು ಮೊದಲ ತಿಂಗಳಿಂದಲೇ ಬೇಕು.

ಸೌಲಭ್ಯಗಳೂ ಹಾಗೆಯೇ, ಯಜಮಾನರ ಕೃಪೆಯೇನೂ ಅಲ್ಲ. 2019ರ ಜುಲೈನಿಂದ ಇಎಸ್‌ಐಗೆ ಸಂಬಳದ ನೂರಕ್ಕೆ 0.75 ನೌಕರರಿಂದ, 3.25 ಮಾಲೀಕರಿಂದ. ಬಯೋಮೆಡಿಕಲ್ ತ್ಯಾಜ್ಯ ಮುಟ್ಟುವವರಿಗೆ ಹೆಪಟೈಟಿಸ್ ಬಿ, ಧನುರ್ವಾಯು ಲಸಿಕೆ ಹಾಕಿಸುವುದು ಆಸ್ಪತ್ರೆಯ ಹೊಣೆ ಎಂದು 2016ರ ನಿಯಮವೇ ಹೇಳುತ್ತದೆ. ಹೆರಿಗೆ ರಜೆ 2017ರಿಂದ 26 ವಾರ. ಈ ಹೆರಿಗೆ ಹಕ್ಕಿಗಾಗಿ ಬಾಬಾಸಾಹೇಬರು 1928ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಮಾತಾಡಿದ್ದರು. ಎಲ್ಲ ಕಾರ್ಮಿಕರಿಗೂ ನೇಮಕಾತಿ ಪತ್ರ ಕೊಡಬೇಕೆನ್ನುವ ಹೊಸ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಆದರೆ ಕಾನೂನು ತಾನಾಗಿ ನಡೆದು ವಾರ್ಡಿಗೆ ಬರುವುದಿಲ್ಲ.

ಒಂದು ಕಷ್ಟದ ಪ್ರಶ್ನೆ ಉಳಿಯಿತು. ರೋಗಿಯೂ ಬಡವನೇ, ಸಂಬಳ ಏರಿದರೆ ಅವನ ಬಿಲ್ಲೂ ಏರುವುದಿಲ್ಲವೆ? ಇದನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಇಬ್ಬರು ಬಡವರನ್ನು ತಕ್ಕಡಿಯ ಎರಡು ತಟ್ಟೆಯಲ್ಲಿ ಕೂರಿಸಿ, ತಕ್ಕಡಿ ಹಿಡಿದವನು ಮರೆಯಲ್ಲಿರುತ್ತಾನೆ. ಖಾಸಗಿಯಲ್ಲಿ ಲಾಭ, ಸರ್ಕಾರಿ ಆಸ್ಪತ್ರೆಯ ಹೊರಗುತ್ತಿಗೆಯಲ್ಲಿ ಏಜೆನ್ಸಿಯವರ ಪಾಲು – ಮೊದಲು ಇವುಗಳ ಲೆಕ್ಕ ಹೊರಗೆ ಬರಲಿ. ಆಮೇಲೆ ಬಡರೋಗಿಯ ಖರ್ಚನ್ನು ಸರ್ಕಾರ ಹೊರಲಿ. ಅವನ ಹೆಸರು ಹೇಳಿ ಆಯಾಳ ಹೊಟ್ಟೆ ಮೇಲೆ ಹೊಡೆಯುವುದು ಬೇಡ. ಹನ್ನೆರಡು ತಾಸು ನಿಂತು, ಹಸಿದು, ಜೋಂಪು ಹತ್ತಿದವಳ ಕೈಯಲ್ಲಿ ರೋಗಿಗೂ ಕ್ಷೇಮವಿಲ್ಲ.

ರೋಗಿಯನ್ನು ನಡುನೀರಿನಲ್ಲಿ ಬಿಟ್ಟು ಬನ್ನಿ ಅಂತ ನಾವು ಹೇಳುವುದಿಲ್ಲ. ಒಬ್ಬಳೇ ಕೇಳಿದರೆ ನಾಳೆ ಬರಬೇಡ ಅಂತಾರೆ. ಆದ್ದರಿಂದ ಹತ್ತು ಜನ ಸೇರಿ ಕೇಳಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಮತ್ತು ಇಎಸ್‌ಐ ನಂಬರು, ಲಸಿಕೆ, ವಾರಕ್ಕೊಂದು ರಜೆ – ಇಷ್ಟನ್ನು ಬರವಣಿಗೆಯಲ್ಲಿ ಕೇಳಿ. ಹಳ್ಳಿಯ ಮೇಷ್ಟ್ರುಗಳೇ, ತರಬೇತಿಗೆ ಹೊರಟ ಮಕ್ಕಳಿಗೆ ಬಸ್ಸು ಹತ್ತಿಸುವ ಮೊದಲು ಈ ಪಟ್ಟಿ ಬರೆದುಕೊಡಿ.