ನ್ಯಾಯಾಧೀಶರ ಮಾತು, ನ್ಯಾಯಾಲಯದ ಅಧಿಕಾರ

ತೀರ್ಪು ಕೊಡುವ ಅಧಿಕಾರಕ್ಕೆ ಶಾಸನವೊಂದೇ ಮೂಲವೋ, ಅಥವಾ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಹೊಣೆಯೂ ಅದರಲ್ಲಿ ಸೇರಿದೆಯೋ ಎಂಬ ಪ್ರಶ್ನೆ 2007ರ ಜೂನ್ 14ರಂದು ಅಮೆರಿಕದ ಸುಪ್ರೀಂ ಕೋರ್ಟ್ ನೀಡಿದ ತೀರ್ಪೊಂದರಲ್ಲಿ ನಿಷ್ಠುರವಾಗಿ ಎದುರಾಯಿತು. ಕೊಲೆ ಅಪರಾಧಕ್ಕಾಗಿ ಓಹಿಯೊ ರಾಜ್ಯದಲ್ಲಿ ಸೆರೆಯಲ್ಲಿದ್ದ ಒಬ್ಬ ಕೈದಿ ತನ್ನ ಬಂಧನದ ಸಿಂಧುತ್ವವನ್ನು ಪ್ರಶ್ನಿಸಿ ಸಲ್ಲಿಸಿದ್ದ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ಫೆಡರಲ್ ಜಿಲ್ಲಾ ನ್ಯಾಯಾಲಯ, ಅಂದರೆ ಒಕ್ಕೂಟ ವ್ಯವಸ್ಥೆಯ ವಿಚಾರಣಾ ನ್ಯಾಯಾಲಯ, ವಜಾ ಮಾಡಿತ್ತು. ಮೇಲ್ಮನವಿಯ ಅವಧಿ ಮುಗಿದ ಮೇಲೆ ಅದನ್ನು ಮತ್ತೆ ತೆರೆಯಬೇಕೆಂದು ಅವನು ಕೋರಿದಾಗ, ಕಾಯ್ದೆ 14 ದಿನಗಳಿಗಷ್ಟೇ ಅವಕಾಶ ಕೊಟ್ಟಿದ್ದರೂ, ನ್ಯಾಯಾಧೀಶರು 2004ರ ಫೆಬ್ರವರಿ 10ರ ಆದೇಶದಲ್ಲಿ 27ನೇ ತಾರೀಖಿನವರೆಗೆ, ಎಂದರೆ 17 ದಿನಗಳ, ಗಡುವು ನೀಡಿದರು. ಕೈದಿಯ ಮೇಲ್ಮನವಿ 26ರಂದು ದಾಖಲಾಯಿತು. ಆದೇಶದಂತೆ ಅದಕ್ಕೆ ಇನ್ನೂ ಒಂದು ದಿನ ಬಾಕಿಯಿತ್ತು, ಕಾಯ್ದೆಯಂತೆ ಎರಡು ದಿನ ಮೀರಿತ್ತು.

ಐವರ ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಅವರ ತರ್ಕದಂತೆ, ಕೆಳ ನ್ಯಾಯಾಲಯಗಳನ್ನು ಸ್ಥಾಪಿಸುವುದೂ ಅವು ಯಾವ ಪ್ರಕರಣಗಳನ್ನು ಆಲಿಸಬಹುದೆಂದು ಗೊತ್ತುಪಡಿಸುವುದೂ ಕಾಂಗ್ರೆಸ್‌ಗೆ, ಅಂದರೆ ಅಲ್ಲಿನ ಶಾಸಕಾಂಗಕ್ಕೆ, ಸೇರಿದ್ದರಿಂದ, ಕಾಯ್ದೆಯೇ ವಿಧಿಸಿದ ಗಡುವು ಮೀರಿದರೆ ಮೇಲ್ಮನವಿ ನ್ಯಾಯಾಲಯದ ಅಧಿಕಾರವ್ಯಾಪ್ತಿಯೇ, ಎಂದರೆ ಪ್ರಕರಣವನ್ನು ಕೈಗೆತ್ತಿಕೊಳ್ಳುವ ಅಧಿಕಾರವೇ, ಇಲ್ಲವಾಗುತ್ತದೆ. ನ್ಯಾಯಾಲಯದ ತಪ್ಪು ಮಾತನ್ನು ನಂಬಿದವರಿಗೆ ವಿನಾಯಿತಿ ನೀಡುತ್ತಿದ್ದ 1962 ಮತ್ತು 1964ರ ತೀರ್ಪುಗಳನ್ನೂ ಈ ತೀರ್ಪು ತಳ್ಳಿಹಾಕಿತು.

ಈ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಕರುಣೆಯ ಹೆಸರಿನಲ್ಲಿ ತನ್ನ ಮೇರೆಯನ್ನು ತಾನೇ ಹಿಗ್ಗಿಸಿಕೊಳ್ಳುವ ನ್ಯಾಯಪೀಠ ನಾಳೆ ಕ್ರೌರ್ಯಕ್ಕಾಗಿಯೂ ಅದನ್ನು ಹಿಗ್ಗಿಸಿಕೊಳ್ಳಬಲ್ಲದು. ಆದರೆ ಕಾನೂನು ಎಲ್ಲರನ್ನೂ ಕುರಿತು ಸಾಮಾನ್ಯವಾಗಿ ಮಾತಾಡುವುದರಿಂದಲೇ ವಿಶೇಷ ಸಂದರ್ಭಗಳಲ್ಲಿ ಎಡವುತ್ತದೆ, ಆಗ ಅದನ್ನು ತಿದ್ದುವ ಸಮದೃಷ್ಟಿಯೂ ನ್ಯಾಯದ ಒಂದು ರೂಪವೇ ಎಂದು ಅರಿಸ್ಟಾಟಲ್ ತನ್ನ ನೀತಿಶಾಸ್ತ್ರದಲ್ಲಿ ವಾದಿಸಿದ್ದನ್ನು ಇಲ್ಲಿ ಮರೆಯಲಾಗದು. ನ್ಯಾಯಾಧೀಶರ ಆದೇಶವನ್ನು ಪಾಲಿಸಲೇಬೇಕಾದ ಕೈದಿ, ಆ ಆದೇಶದ ಲೆಕ್ಕ ತಪ್ಪಿದೆಯೇ ಎಂದು ತಾನೇ ಪರೀಕ್ಷಿಸಬೇಕಿತ್ತು ಎನ್ನುವುದು ವಿಧೇಯತೆ ಮತ್ತು ಅವಿಶ್ವಾಸ ಎರಡನ್ನೂ ಒಟ್ಟಿಗೆ ಬೇಡಿದಂತೆ. ಜನರನ್ನು ಹೀಗೆ ನಡೆಸಿಕೊಳ್ಳುವುದು ನ್ಯಾಯಾಂಗಕ್ಕೆ ಸಲ್ಲದು ಎಂದು ನ್ಯಾಯಮೂರ್ತಿ ಡೇವಿಡ್ ಸೌಟರ್ ಬರೆದ ಭಿನ್ನಮತಕ್ಕೆ ಇನ್ನೂ ಮೂವರು ದನಿಗೂಡಿಸಿದರು.

2017ರಲ್ಲಿ ಇಂಥದೇ ಇನ್ನೊಂದು ಪ್ರಕರಣ ಬಂದಾಗ, ನ್ಯಾಯಾಧೀಶರು ಮೀರಿದ ಮಿತಿ ಕಾಯ್ದೆಯಲ್ಲಿರದೆ ನ್ಯಾಯಾಲಯದ ನಿಯಮದಲ್ಲಷ್ಟೇ ಇದ್ದ ಕಾರಣ, ಮೇಲ್ಮನವಿ ನ್ಯಾಯಾಲಯದ ಅಧಿಕಾರಕ್ಕೆ ಅದರಿಂದ ಚ್ಯುತಿಯಿಲ್ಲವೆಂದು ಅದೇ ಸುಪ್ರೀಂ ಕೋರ್ಟ್ ಒಮ್ಮತದಿಂದ ಹೇಳಿತು. ಎರಡೂ ಕಡೆ ತಪ್ಪಿದವರು ನ್ಯಾಯಾಧೀಶರು, ನಂಬಿದವರು ಕಕ್ಷಿದಾರರು. ಮಿತಿಯನ್ನು ಎಲ್ಲಿ ಬರೆದಿದೆ ಎಂಬುದರ ಮೇಲೆ ಒಬ್ಬರಿಗೆ ಬಾಗಿಲು ತೆರೆದು ಇನ್ನೊಬ್ಬರಿಗೆ ಮುಚ್ಚುವ ವಿವೇಚನೆ ಶಾಸನಬದ್ಧವೇ ಆಗಿದ್ದರೂ ಧರ್ಮಸಮ್ಮತವಲ್ಲ.