ಅಟ್ಟ ಮೇಲೆ ಉರಿದ ಒಲೆ

‘ಅಟ್ಟ ಮ್ಯಾಲ ಒಲಿ ಉರೀತು, ಕೆಟ್ಟ ಮ್ಯಾಲ ಬುದ್ಧಿ ಬಂತು.’

ಗದಗ-ಬೆಟಗೇರಿಯಿಂದ ಹಿಡಿದು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರೆಗೆ ಈ ಗಾದೆ ಕೇಳದೆ ಬೆಳೆದವರು ಇರಲಿಕ್ಕಿಲ್ಲ. ಪರೀಕ್ಷೆಯಲ್ಲಿ ನಪಾಸಾದ ಹುಡುಗನಿಗೂ ಇದೇ ಮಾತು, ಪರರ ಸಾಲಕ್ಕೆ ಜಾಮೀನು ನಿಂತು ಎರಡೆಕರೆ ಕಳೆದುಕೊಂಡವನಿಗೂ ಇದೇ ಮಾತು. ಹೇಳುವವರ ದನಿಯಲ್ಲಿ ಒಂದು ಚುಚ್ಚು ಇದ್ದೇ ಇರುತ್ತದೆ. ವರ್ಷದ ಕೊನೆಯಲ್ಲಿ ಒಬ್ಬರೇ ಕೂತು ಹನ್ನೆರಡು ತಿಂಗಳನ್ನು ಹಿಂದಿರುಗಿ ನೋಡುವಾಗ ಈ ಗಾದೆ ನೆನಪಾದರೆ ಎದೆ ಕುಗ್ಗುತ್ತದೆ. ಹಾಗೆ ಕೂತಾಗ ಹೊಳೆಯುವ ಬುದ್ಧಿಯೆಲ್ಲ ತಡವಾಗಿ ಬಂದದ್ದೇ ಅಲ್ಲವೇ?

ಆದರೆ ಗಾದೆಯ ಮೊದಲ ಅರ್ಧವನ್ನು ನಾವು ಅವಸರದಲ್ಲಿ ದಾಟಿಬಿಡುತ್ತೇವೆ. ಗ್ಯಾಸಿನ ಒಲೆ ಬಂದ ಮೇಲೆ ಹುಟ್ಟಿದವರಿಗೆ ಅದು ಕಣ್ಣಿಗೆ ಕಟ್ಟುವುದೂ ಕಷ್ಟ. ಮಳೆಗಾಲದ ಬೆಳಗು, ತೊಯ್ದ ಹತ್ತಿಕಟ್ಟಿಗೆ, ಹಸಿ ಆರದ ಕುಳ್ಳು. ಊದುಗೊಳವೆ ಹಿಡಿದು ಊದಿದಷ್ಟೂ ಹೊಗೆಯೇ. ಕಣ್ಣೀರು ಒರೆಸಿಕೊಳ್ಳುತ್ತ ರೊಟ್ಟಿ ಬಡಿದು, ಬೇಳೆ ಬೇಯಿಸಿ, ಗಡಿಗೆ ಇಳಿಸುವ ಹೊತ್ತಿಗೆ ಒಲೆ ಭಗ್ಗೆಂದು ಉರಿಯತೊಡಗುತ್ತದೆ. ಗಾದೆ ನಗುವುದು ಇದನ್ನೇ ಕಂಡು. ಆದರೆ ಆಗ ಏಕೆ ಉರಿಯಿತು? ಅಡುಗೆ ಆಗುತ್ತಿದ್ದ ಅಷ್ಟೂ ಹೊತ್ತು ಆ ಕಟ್ಟಿಗೆ ಒಣಗುತ್ತಿತ್ತು. ಹೊಗೆಯುಂಡ ಬೆಳಗಿನಲ್ಲೇ ಆ ಬೆಂಕಿ ತಯಾರಾಯಿತು. ಒಲೆ ಹಚ್ಚದೆ ಸುಮ್ಮನೆ ಕೂತಿದ್ದರೆ ಕಟ್ಟಿಗೆ ಹಸಿಯಾಗಿಯೇ ಇರುತ್ತಿತ್ತು. ಆದ್ದರಿಂದ ವರ್ಷದ ಕೊನೆಗೆ ಬಂದ ಬುದ್ಧಿಯನ್ನು ತಡವಾಯಿತೆಂದು ಹೀಗಳೆಯುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಸಂಗತಿ. ಹಾಗೆ ಉರಿದ ಒಲೆಯನ್ನು ನಮ್ಮ ಅಜ್ಜಿಯರು ನೀರು ಚೆಲ್ಲಿ ಆರಿಸುತ್ತಿರಲಿಲ್ಲ. ಅದರ ಕೆಂಡದ ಮೇಲೆ ಹಾಲು ಕಾಯುತ್ತಿತ್ತು, ಬೂದಿಯೊಳಗೆ ಬದನೆಕಾಯಿ ಸುಡುತ್ತಿತ್ತು, ಮರುದಿನದ ಕಟ್ಟಿಗೆ ಒಲೆಯ ಮಗ್ಗುಲಲ್ಲಿ ಒಣಗುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಆಚೆಮನೆಯಾಕೆ ಒಂದು ಕುಳ್ಳಿನ ತುಂಡು ಹಿಡಿದು ಬರುತ್ತಿದ್ದಳು: ‘ಅವ್ವಾ, ಒಂಚೂರು ಬೆಂಕಿ ಕೊಡ್ರಿ.’ ಈ ಮನೆಗೆ ತಡವಾದ ಬೆಂಕಿ ಆ ಮನೆಗೆ ಸರಿಯಾದ ಹೊತ್ತಿಗೆ ಸಿಗುತ್ತಿತ್ತು. ಗಾದೆ ಹೇಳದೆ ಬಿಟ್ಟ ಈ ಸಂಗತಿಗಾಗಿಯೇ ನಾನು ಇಷ್ಟು ಬರೆಯುತ್ತಿರುವುದು. ವರ್ಷಾಂತ್ಯದ ಅವಲೋಕನವನ್ನು ನಾವು ತೀರಾ ಖಾಸಗಿ ಮಾಡಿಕೊಂಡಿದ್ದೇವೆ. ಕೆಟ್ಟದ್ದನ್ನು ಎದೆಯೊಳಗೇ ಮುಚ್ಚಿಟ್ಟು, ಪ್ರವಾಸದ ನಾಲ್ಕು ಫೋಟೊ ಮೊಬೈಲ್ ಸ್ಟೇಟಸ್ಸಿಗೆ ಹಾಕಿ ವರ್ಷ ಮುಗಿಸುತ್ತೇವೆ. ಜಾಮೀನು ನಿಂತು ಕೈ ಸುಟ್ಟುಕೊಂಡ ಅಣ್ಣ ಮರ್ಯಾದೆಗೆ ಅಂಜಿ ಬಾಯಿ ಬಿಡುವುದಿಲ್ಲ. ಮರುವರ್ಷ ತಮ್ಮ ಅಂಥದೇ ಕಾಗದಕ್ಕೆ ಸಹಿ ಹಾಕುತ್ತಾನೆ.

ಮುಚ್ಚಿಡದವರೂ ಇದ್ದಾರೆ. 2022ರಲ್ಲಿ ಗದಗ ಭಾಗದ ರೈತರೊಬ್ಬರು 205 ಕಿಲೊ ಉಳ್ಳಾಗಡ್ಡಿಯನ್ನು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಒಯ್ದರು. ಕ್ವಿಂಟಲ್‌ಗೆ ಹತ್ತಿದ ದರ 200 ರೂಪಾಯಿ. ಬಂದ 410 ರೂಪಾಯಿಯಲ್ಲಿ ಲಾರಿ ಬಾಡಿಗೆ, ಹಮಾಲಿ ಕಳೆದು ಕೈಗೆ ಉಳಿದದ್ದು 8 ರೂಪಾಯಿ 36 ಪೈಸೆ. ಬಿತ್ತಿದ, ಕಳೆ ತೆಗೆದ, ಕಿತ್ತ, ಕೊಯ್ದ ಕೂಲಿ ಆ ಬಿಲ್ಲಿನಲ್ಲಿ ಇಲ್ಲವೇ ಇಲ್ಲ. ಆ ಬಿಲ್ಲನ್ನು ಅವರು ಮಡಿಚಿ ಕಿಸೆಯೊಳಗೆ ಇಟ್ಟುಕೊಳ್ಳಬಹುದಿತ್ತು. ಅದು ಹೊರಗೆ ಬಂತು, ಊರೂರು ಸುತ್ತಿತು, ಪತ್ರಿಕೆಗಳಲ್ಲಿ ಅಚ್ಚಾಯಿತು. ಉಳ್ಳಾಗಡ್ಡಿಯ ದರವನ್ನು ಸರಿಪಡಿಸುವ ಶಕ್ತಿ ಒಂದು ಬಿಲ್ಲಿಗೆ ಇಲ್ಲ, ನಿಜ. ಆದರೂ ಮಾಲು ತುಂಬಿಕೊಂಡು ಹೊರಡಬೇಕೆಂದಿದ್ದ ಎಷ್ಟೋ ರೈತರು ಅದನ್ನು ಓದಿ ಒಂದು ಗಳಿಗೆ ಯೋಚಿಸಿದ್ದಾರು.

ಉಳ್ಳಾಗಡ್ಡಿಯದೇ ಇನ್ನೊಂದು ಪಾಠವಿದೆ. 2019ರ ಡಿಸೆಂಬರ್‌ನಲ್ಲಿ ಪೇಟೆಯಲ್ಲಿ ಅದರ ಬೆಲೆ ಕಿಲೊಗೆ ನೂರು ರೂಪಾಯಿ ದಾಟಿತ್ತು. ದರ ಏರಿದ ವರ್ಷ ‘ಹಾಕಬೇಕಿತ್ತು, ತಪ್ಪಿತು’ ಎಂದು ಕೈ ಹಿಸುಕಿಕೊಳ್ಳುವುದು, ಮರುವರ್ಷ ಎಲ್ಲರೂ ಅದನ್ನೇ ಬಿತ್ತುವುದು, ಎಲ್ಲರ ಮಾಲೂ ಒಟ್ಟಿಗೆ ಮಾರುಕಟ್ಟೆಗೆ ಬಂದು ಬಿದ್ದಾಗ ದರ ನೆಲ ಕಚ್ಚುವುದು ನಮ್ಮಲ್ಲಿ ಮತ್ತೆ ಮತ್ತೆ ನಡೆದಿದೆ. ತಡವಾಗಿ ಬಂದ ಬುದ್ಧಿಗೆ ಈ ಅಪಾಯವೂ ಉಂಟು. ಒಬ್ಬೊಬ್ಬರೇ ಮನೆಯೊಳಗೆ ಕೂತು ಹೋದ ವರ್ಷದ ಲೆಕ್ಕ ಹಾಕಿದರೆ ಎಲ್ಲರಿಗೂ ಒಂದೇ ಉತ್ತರ ಬರುತ್ತದೆ, ಎಲ್ಲರೂ ಕೂಡಿಯೇ ಕೆಡುತ್ತಾರೆ. ಯಾರು ಎಷ್ಟು ಎಕರೆ ಹಾಕಲಿದ್ದಾರೆಂದು ಊರ ಕಟ್ಟೆಯ ಮೇಲೆ ಬಾಯಿ ಬಿಟ್ಟು ಮಾತಾಡಿದರೆ ಮಾತ್ರ ಅದರಿಂದ ಸ್ವಲ್ಪವಾದರೂ ತಪ್ಪಿಸಿಕೊಳ್ಳಬಹುದು.

ಹೀಗೆ ಕೂಡಿ ಲೆಕ್ಕ ನೋಡುವುದನ್ನು ನಾವೇನೂ ಹೊರಗಿನಿಂದ ಕಲಿಯಬೇಕಿಲ್ಲ. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರ ಸಂಘಗಳ ಕಾಯ್ದೆ ಬಂದದ್ದು ಅದರ ಹಿಂದಿನ ವರ್ಷ, 1904ರಲ್ಲಿ. ನಮ್ಮ ನಾಡಿನ ಸಹಕಾರ ಚಳವಳಿಯ ಕಥೆ ಹೇಳುವವರು ಇಂದಿಗೂ ಈ ಊರಿನ ಹೆಸರಿನಿಂದಲೇ ಆರಂಭಿಸುತ್ತಾರೆ. ಸಾಹುಕಾರನ ಬಡ್ಡಿಗೆ ಹೊಲ ಕಳೆದುಕೊಂಡ ಒಬ್ಬೊಬ್ಬ ರೈತನಿಗೂ ಅದಕ್ಕೆ ಮೊದಲೇ ಬುದ್ಧಿ ಬಂದಿತ್ತು; ಅವನ ಹೊಲ ಮಾತ್ರ ತಿರುಗಿ ಬರುತ್ತಿರಲಿಲ್ಲ. ಒಬ್ಬೊಬ್ಬರಲ್ಲಿ ಚದುರಿ ಹೋಗಿದ್ದ ಆ ಬುದ್ಧಿಯನ್ನು ಒಂದು ಕಡೆ ಕೂಡಿಸಿ, ಸದಸ್ಯರೆಲ್ಲರ ಎದುರು ಲೆಕ್ಕ ಓದುವ ಪದ್ಧತಿಗೆ ತಂದದ್ದು ಆ ಸಂಘದ ದೊಡ್ಡತನ. ಇಂದು ಎಷ್ಟೋ ಸಂಘಗಳ ವಾರ್ಷಿಕ ಸಭೆ ಸಹಿ ಮಾಡಿ ಚಹಾ ಕುಡಿದು ಏಳುವಲ್ಲಿಗೆ ಮುಗಿಯುತ್ತದೆ. ಕಣಗಿನಹಾಳದ ನೆಲದಲ್ಲಿ ಹೀಗಾಗುವುದನ್ನು ಕಂಡರೆ ಸಂಕಟವಾಗುತ್ತದೆ.

ಬೇರೆಯವರ ಒಲೆಯ ಬೆಂಕಿ ತಂದು ಸರಿಯಾದ ಹೊತ್ತಿಗೆ ಅಡುಗೆ ಮಾಡಿಕೊಂಡದ್ದಕ್ಕೂ ಇಲ್ಲೇ ಸಾಕ್ಷಿಯಿದೆ. 2011ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಸಾವಿರಾರು ಎಕರೆ ಭೂಮಿ ಹೋಗುವುದಿತ್ತು. ಕೊಡಲು ಒಪ್ಪಿದವರೂ ಇದ್ದರು; ಬಡತನ ಕಂಡವರಿಗೆ ಆ ಆಸೆ ತಪ್ಪಲ್ಲ. ಆದರೆ ನೆರೆಯ ಬಳ್ಳಾರಿ, ಸಂಡೂರಿನ ಗಣಿಧೂಳನ್ನು ಈ ಜನ ಕಂಡಿದ್ದರು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ರೈತರ ಮುಂದೆ ನಿಂತರು, ಸರ್ಕಾರ ಹಿಂದೆ ಸರಿಯಿತು. ಗಣಿಯ ಭೀತಿಯಲ್ಲಿದ್ದ ಕಪ್ಪತಗುಡ್ಡದ್ದೂ ಅದೇ ಹಾದಿ. ಅದಕ್ಕೆ ಸಿಕ್ಕ ಸಂರಕ್ಷಿತ ಪ್ರದೇಶದ ಮಾನ್ಯತೆಯನ್ನು 2016ರಲ್ಲಿ ಹಿಂದಕ್ಕೆ ಪಡೆದಾಗ ಗದಗಿನಲ್ಲಿ ಹೋರಾಟ ಎದ್ದು, 2017ರಲ್ಲಿ ಅದು ಮರಳಿ ಸಿಕ್ಕಿತು. 2019ರಲ್ಲಿ ಗುಡ್ಡ ವನ್ಯಜೀವಿಧಾಮವಾಯಿತು. ಆ ದಿನ ನೋಡಲು ಸ್ವಾಮಿಗಳು ಇರಲಿಲ್ಲ, 2018ರ ಅಕ್ಟೋಬರ್‌ನಲ್ಲೇ ಲಿಂಗೈಕ್ಯರಾಗಿದ್ದರು. ಕೆಟ್ಟ ಮೇಲೆ ಬಳ್ಳಾರಿಗೆ ಬಂದ ಬುದ್ಧಿ ಕೆಡುವ ಮೊದಲೇ ಕಪ್ಪತಗುಡ್ಡಕ್ಕೆ ಒದಗಿತು.

ಮನೆಯ ಮಾತಿಗೆ ಬರೋಣ. ಬೆಟಗೇರಿಯಲ್ಲಿ ನನಗೆ ಪರಿಚಯದ ನೇಕಾರ ಹಿರಿಯರೊಬ್ಬರು ಸಕ್ಕರೆ ಕಾಯಿಲೆಯನ್ನು ಅಲಕ್ಷಿಸಿ ಕಾಲಿನ ಬೆರಳು ತೆಗೆಸಿಕೊಂಡರು. ಈಗ ಚಹಾದಂಗಡಿಯಲ್ಲಿ ಯಾರು ಮಗ್ಗುಲಲ್ಲಿ ಕೂತರೂ ಕಾಲು ತೋರಿಸುತ್ತಾರೆ: ‘ಒಮ್ಮೆ ರಕ್ತ ತಪಾಸ್ ಮಾಡಿಸ್ಕೊಂಡು ಬಿಡ್ರೆಪಾ.’ ಅವರ ಮಾತು ಕೇಳಿ ಆಸ್ಪತ್ರೆಗೆ ಹೋದವರಿದ್ದಾರೆ. ಇನ್ನು, ತಂದೆಯೊಡನೆ ಮಾತು ಬಿಟ್ಟು, ಅವರು ಮಣ್ಣಾದ ಮೇಲೆ ಅಳುತ್ತಿರುವ ಮಗನಿಗೆ ಮುಂದಿನ ವರ್ಷ ಎಂಬುದು ಏನನ್ನೂ ತಿರುಗಿ ಕೊಡುವುದಿಲ್ಲ. ಗಾದೆಯ ಕಠೋರತೆ ಪೂರ್ತಿ ನಿಜವಾಗುವುದು ಇಂಥಲ್ಲಿ. ಅದನ್ನು ಮೆತ್ತಗೆ ಮಾಡುವ ವ್ಯಾಖ್ಯಾನ ನನ್ನಲ್ಲಿಲ್ಲ. ಆದರೆ ಅವನು ಅದನ್ನು ಗೆಳೆಯನೆದುರು ಬಾಯಿಬಿಟ್ಟು ಹೇಳಿದರೆ, ಗೆಳೆಯನ ತಂದೆ ಇನ್ನೂ ಬದುಕಿರಬಹುದು.

ನಮ್ಮ ಕಡೆ ವರ್ಷ ಒಂದೇ ಸಲ ಮುಗಿಯುವುದಿಲ್ಲ. ವ್ಯಾಪಾರಸ್ಥರಿಗೆ ದೀಪಾವಳಿಗೆ ಹೊಸ ಕಿರ್ದಿ, ಸಂಘ-ಬ್ಯಾಂಕುಗಳಿಗೆ ಮಾರ್ಚ್ 31, ಪಂಚಾಂಗಕ್ಕೆ ಯುಗಾದಿ. ಇವುಗಳ ನಡುವೆ, ಡಿಸೆಂಬರ್‌-ಜನವರಿಯ ಹೊತ್ತಿಗೆ ಬರುವ ಎಳ್ಳ ಅಮಾವಾಸ್ಯೆಯೇ ಹಿಂದಿರುಗಿ ನೋಡಲು ತಕ್ಕ ದಿನವೆಂದು ನನ್ನ ಎಣಿಕೆ. ಹೆಸರು, ಶೇಂಗಾ, ಉಳ್ಳಾಗಡ್ಡಿಯ ಲೆಕ್ಕ ಅಷ್ಟೊತ್ತಿಗೆ ಮುಗಿದಿರುತ್ತದೆ. ಎರೆ ಹೊಲದಲ್ಲಿ ಬಿಳಿಜೋಳ, ಕಡಲೆ, ಕುಸುಬೆ ಇನ್ನೂ ನಿಂತಿರುತ್ತವೆ. ಚರಗ ಚೆಲ್ಲುತ್ತ ಹೊಲ ಸುತ್ತಿದವರಿಗೆ ಹೋದದ್ದೆಷ್ಟು, ಉಳಿದದ್ದೆಷ್ಟು ಎರಡೂ ಕಣ್ಣೆದುರೇ ಕಾಣುತ್ತವೆ. ಆಮೇಲೆ ಬದುವಿನ ಮೇಲೆ ಬೀಗರು, ನೆರೆಯವರು, ಆಳುಮಕ್ಕಳು ಎಲ್ಲ ಸಾಲಾಗಿ ಕೂತು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಣ್ಣುತ್ತಾರೆ.

ಈ ಸಲ ಆ ಊಟಕ್ಕೆ ಮಾತು ಬಿಟ್ಟವರನ್ನೂ ಕರೆಯಿರಿ. ಉಂಡು ಕೈ ತೊಳೆದ ಮೇಲೆ, ಈ ವರ್ಷ ಎಲ್ಲಿ ಕೆಟ್ಟಿತು ಎಂಬುದನ್ನು ಹಿರಿಯರು ಮೊದಲು ಹೇಳಲಿ. ಮಕ್ಕಳನ್ನು ಆಟಕ್ಕೆಂದು ಆಚೆ ಅಟ್ಟಬೇಡಿ. ಅವರೂ ಅಲ್ಲೇ ಕೂತು ಕೇಳಲಿ.