ಇಸ್ಪೀಟು ಒಲ್ಲದ ಮನೆಗೆ ಬಂದ ಇಸ್ಪೀಟು

ನಂಜನಗೂಡು, ಟಿ. ನರಸೀಪುರದ ಕಡೆ ಎಷ್ಟೋ ಮುಸ್ಲಿಮ್ ಮನೆಗಳಲ್ಲಿ ಒಂದು ಕಾಲಕ್ಕೆ ಇಸ್ಪೀಟಿನ ಕಟ್ಟು ಹೊಸ್ತಿಲು ದಾಟುತ್ತಿರಲಿಲ್ಲ. ಹಣವಿಟ್ಟು ಆಡುತ್ತೀರೋ, ಸುಮ್ಮನೆ ಆಡುತ್ತೀರೋ ಎಂದು ಹಿರಿಯರು ವಿಚಾರಿಸುತ್ತಲೂ ಇರಲಿಲ್ಲ. ಎಲೆ ಕಂಡರೆ ಒಲೆಗೆ ಹಾಕುತ್ತಿದ್ದರು. ಮುಂದೆ ಅಂಥ ಮನೆಗಳಿಗೇ ಮಕ್ಕಳ ಓದಿಗೆಂದು ಕಂಪ್ಯೂಟರ್ ಬಂತು. ಅದರೊಳಗೆ 52 ಎಲೆಗಳೂ ಇದ್ದವು. ಯಾರೂ ಅದನ್ನು ಬೇಡಿರಲಿಲ್ಲ, ಯಾರೂ ಕದ್ದು ತಂದಿರಲಿಲ್ಲ. 1990ರ ವಿಂಡೋಸ್ 3.0ರಿಂದ ಮೊದಲ್ಗೊಂಡು ಸಾಲಿಟೇರ್ ಎಂಬ ಒಂಟಿ ಆಟ ಯಂತ್ರದ ಜೊತೆಗೇ ಬರುತ್ತಿತ್ತು. ಎದುರಾಳಿ ಇಲ್ಲ, ಪಣ ಇಲ್ಲ, ಬೈಗುಳ ಇಲ್ಲ. ಇದನ್ನು ಏನೆಂದು ಕರೆಯಬೇಕು? ಜೂಜೇ, ವಿನೋದವೇ?

ಹಿರಿಯರ ನಿಷೇಧಕ್ಕೆ ಆಧಾರ ಏನಿತ್ತು ಎಂಬುದನ್ನು ಮೊದಲು ನೋಡಬೇಕು. ಪವಿತ್ರ ಕುರ್‌ಆನ್ ಮದ್ಯವನ್ನೂ ಜೂಜನ್ನೂ ಒಟ್ಟಿಗೆ ಖಂಡಿಸುವ ಅಲ್ ಮಾಇದಃ ಅಧ್ಯಾಯದಲ್ಲಿ ಕಾರಣವನ್ನೂ ಸೂಚಿಸಲಾಗಿದೆ. ಜನರ ನಡುವೆ ಹಗೆ ಹುಟ್ಟುತ್ತದೆ ಎಂಬುದು ಒಂದು. ದೇವಸ್ಮರಣೆಯಿಂದಲೂ ನಮಾಝ್‌ನಿಂದಲೂ ಮನುಷ್ಯನನ್ನು ತಡೆಯುತ್ತದೆ ಎಂಬುದು ಇನ್ನೊಂದು. ಒಬ್ಬನ ಸೋಲಿನಿಂದ ಇನ್ನೊಬ್ಬನ ಜೇಬು ತುಂಬುವ ಅನ್ಯಾಯ ಇದ್ದೇ ಇದೆ. ಸಾಲಿಟೇರ್ ಇವುಗಳಲ್ಲಿ ಹಣವನ್ನು ತೆಗೆದುಹಾಕಿತು. ಎದುರಾಳಿಯೇ ಇಲ್ಲದ್ದರಿಂದ ಹಗೆಯೂ ಹೋಯಿತು. ಉಳಿದದ್ದು ಮೈಮರೆವು ಮಾತ್ರ.

ಬರಿಯ ಮೈಮರೆವಿಗಾಗಿ ಒಂದು ವಸ್ತುವನ್ನು ನಿಷಿದ್ಧವೆನ್ನಲು ಸಾಧ್ಯವೇ? ಹಾಗೆಂದರೆ ಕಾದಂಬರಿ ಓದುವುದೂ ನಿಷಿದ್ಧವಾದೀತು, ಕಪಿಲೆಯ ದಂಡೆಯಲ್ಲಿ ಗಾಳ ಹಿಡಿದು ಕೂರುವುದೂ ಆದೀತು. ಧರ್ಮ ಮನುಷ್ಯನನ್ನು ಅಷ್ಟು ಬಿಗಿಯಾಗಿ ಕಟ್ಟಿಹಾಕಿಲ್ಲ. ಹಝ್ರತ್ ಆಯಿಶಾ(ರ) ಬೊಂಬೆಗಳೊಡನೆ ಆಡುತ್ತಿದ್ದರು, ಪ್ರವಾದಿ(ಸ) ತಡೆಯಲಿಲ್ಲ. ಮನೆಯಲ್ಲಿ ಮಕ್ಕಳೊಡನೆ ಬೆರೆತಾಗ ತನ್ನ ಭಕ್ತಿ ಕುಗ್ಗುತ್ತದೆಂದು ಅತ್ತು ಬಂದ ಹಂಝಲ(ರ)ರಿಗೆ, ಅದಕ್ಕೊಂದು ಗಳಿಗೆ ಇದಕ್ಕೊಂದು ಗಳಿಗೆ ಎಂಬ ಸಮಾಧಾನವೇ ಪ್ರವಾದಿವರ್ಯರಿಂದ ದೊರೆಯಿತು. ಚದುರಂಗದ ಬಗ್ಗೆಯೂ ವಿದ್ವಾಂಸರೆಲ್ಲ ಒಂದೇ ಮಾತನ್ನಾಡಿಲ್ಲ. ಶಾಫಿಈಗಳು ತುಸು ಸಡಿಲ, ಹನಫಿಗಳು ಬಿಗಿ. ಆದ್ದರಿಂದ ಮೌಸ್ ಹಿಡಿದ ಹುಡುಗನನ್ನು ಕಂಡೊಡನೆ ಹರಾಮ್ ಎಂದು ಕೂಗುವ ಆತುರ ಒಳ್ಳೆಯದಲ್ಲ. ಮೈಮರೆತಾಗ ಯಾವ ಕರ್ತವ್ಯ ಬಾಕಿ ಉಳಿಯಿತು, ಯಾರ ಹಕ್ಕು ಬಾಗಿಲಲ್ಲಿ ಕಾಯುತ್ತಿತ್ತು ಎಂಬುದನ್ನು ವಿಚಾರಿಸುವುದು ಮೇಲು.

ಹಳೆಯ ಆಟಗಳಲ್ಲಿ ಈ ವಿಚಾರಣೆ ತಾನಾಗಿಯೇ ನಡೆಯುತ್ತಿತ್ತು. ಅಳಗುಳಿಮಣೆಯ ಮುಂದೆ ಕೂತ ಅಜ್ಜಿ ಅಸರ್ ಬಾಂಗ್ ಕೇಳಿ ಹುಣಸೆ ಬೀಜಗಳನ್ನು ಡಬ್ಬಿಗೆ ಸುರಿದರೆ ಎದುರಿಗಿದ್ದವಳೂ ಏಳಲೇಬೇಕು. ಸಾಲಿಟೇರ್‌ನಲ್ಲಿ ಎದ್ದುಹೋಗುವವರು ಯಾರೂ ಇಲ್ಲ. ಸೋತರೆ ಹೊಸ ಎಲೆ, ಗೆದ್ದರೂ ಹೊಸ ಎಲೆ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆಯಿತು. ತಾಲೂಕು ಪಟ್ಟಣಗಳನ್ನು ಅದು ತಲುಪಿದ್ದು ತಡವಾಗಿ, ಟೆಲಿಫೋನ್ ತಂತಿಯ ಮೇಲೆ, ಕರೆಂಟ್ ಇದ್ದಷ್ಟು ಹೊತ್ತು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟೆಂದು ದರ. ಅಲ್ಲಿ ಆಟವಾಡುವ ಹುಡುಗನಿಗೆ ಸಮಯದ ಬೆಲೆ ರೂಪಾಯಿಯಲ್ಲೇ ಗೊತ್ತಾಗುತ್ತಿತ್ತು. ಆ ರೂಪಾಯಿ ಅಪ್ಪನದು ಎಂಬುದು ಮಾತ್ರ ಕೆಲವರಿಗೆ ಮರೆಯುತ್ತಿತ್ತು. ಸುಳ್ಳು ಹೇಳಿ ತಂದ ಹಣವಾದರೆ ಆಟಕ್ಕೆ ಮುಂಚೆಯೇ ತಪ್ಪು ನಡೆದುಹೋಗಿದೆ. ಪರದೆಯ ಮೇಲೆ ಹಾವಿದೆಯೋ ಕಾರಿದೆಯೋ ಎಂದು ನೋಡುವ ಅಗತ್ಯವೇ ಇಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ನಿಯೋಪೆಟ್ಸ್ ಎಂಬ ಆಟ. ಬ್ರಿಟನ್ನಿನ ಇಬ್ಬರು ತರುಣರು 1999ರ ನವೆಂಬರಿನಲ್ಲಿ ಆರಂಭಿಸಿದ್ದು. ಮಗು ಪರದೆಯ ಮೇಲೆ ಒಂದು ಕಲ್ಪಿತ ಪ್ರಾಣಿ ಸಾಕುತ್ತದೆ, ಚಿಕ್ಕಪುಟ್ಟ ಆಟ ಗೆದ್ದು ಅಂಕ ಗಳಿಸುತ್ತದೆ, ಆ ಅಂಕದಿಂದ ಪ್ರಾಣಿಗೆ ತಿಂಡಿ ಕೊಳ್ಳುತ್ತದೆ. ದಯೆಯ ಪಾಠವೆಂದೇ ಅನ್ನಿಸುತ್ತದೆ. ಆದರೆ ಅದೇ ಲೋಕದಲ್ಲಿ ಅಂಕ ಕೊಟ್ಟು ತಿರುಗಿಸುವ ಅದೃಷ್ಟ ಚಕ್ರಗಳಿದ್ದವು, ಲಾಟರಿ ಇತ್ತು, ಷೇರು ಪೇಟೆಯೂ ಇತ್ತು. ಒಂದು ಪೈಸೆಯೂ ಕೈಬದಲಾಗದಿದ್ದರೆ ಅದನ್ನು ಜೂಜೆಂದು ಹೇಗೆ ಕರೆಯುವುದು ಎಂದು ಕೇಳುವವರಿದ್ದಾರೆ. ಅವರ ಮಾತು ನ್ಯಾಯವಾದದ್ದೇ. ಹಾಗಿದ್ದೂ, ಚಕ್ರ ನಿಲ್ಲುವ ಆ ಎರಡು ಕ್ಷಣ ಉಸಿರು ಹಿಡಿಯುವುದನ್ನು ಹತ್ತು ವರ್ಷದ ಮಗು ಅಲ್ಲಿ ಕಲಿಯಿತು. ದುಡಿಯದೆ ಬರುವುದರ ರುಚಿ ಅದು. ಆ ರುಚಿ ಹತ್ತಿದ ಮೇಲೆ ಅಂಕದ ಜಾಗದಲ್ಲಿ ರೂಪಾಯಿ ಇಡುವುದಷ್ಟೇ ಬಾಕಿ.

ಕೆಲವು ವರ್ಷಗಳಲ್ಲಿ ಮೊಬೈಲಿಗೆ ರಮ್ಮಿ ಬಂತು. ನಮ್ಮ ಕಾನೂನು ಇಲ್ಲಿ ಬಹಳ ಕಾಲ ತಡವರಿಸಿತು. ರಮ್ಮಿ ಪ್ರಧಾನವಾಗಿ ಕೌಶಲ್ಯದ ಆಟವೆಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿತ್ತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳ ವಿರುದ್ಧ ಕರ್ನಾಟಕ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿ, ಕೌಶಲ್ಯವೋ ಅದೃಷ್ಟವೋ ಎಂದು ಭೇದವೆಣಿಸದೆ, ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಸಾಲ ಮಾಡಿ ಸೋತವನ ಹೆಂಡತಿಗೆ, ಅವನು ಕೌಶಲ್ಯದಲ್ಲಿ ಸೋತನೋ ಅದೃಷ್ಟದಲ್ಲಿ ಸೋತನೋ ಎಂಬುದು ಎಂದೂ ಪ್ರಶ್ನೆಯಾಗಿರಲಿಲ್ಲ.

ಮಕ್ಕಳ ಮಾತನ್ನೇ ಆಡುತ್ತಾ ದೊಡ್ಡವರನ್ನು ಬಿಟ್ಟುಬಿಡುವುದು ನಮ್ಮ ರೂಢಿ. ಸಾಲಿಟೇರ್ ಅನ್ನು ಹೆಚ್ಚಾಗಿ ಆಡಿದವರು ಕುರ್ಚಿಯ ಮೇಲೆ ಕೂತ ದೊಡ್ಡವರು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಿಂದ ಪಹಣಿ ಕಂಪ್ಯೂಟರಿಗೆ ಬಂತು. ಆಗ ಹದಿನೈದು ರೂಪಾಯಿ ಕೊಟ್ಟರೆ ತಾಲೂಕು ಕೇಂದ್ರದಲ್ಲೇ ಅಚ್ಚಾದ ಪ್ರತಿ ಸಿಗುತ್ತಿತ್ತು. ಹುಲ್ಲಹಳ್ಳಿಯ ರೈತ ನಂಜನಗೂಡಿಗೆ, ಬನ್ನೂರಿನ ರೈತ ನರಸೀಪುರಕ್ಕೆ ಒಂದು ದಿನದ ಕೂಲಿ ಬಿಟ್ಟು ಬರಬೇಕಿತ್ತು. ಯಾವುದೋ ಒಂದು ಕಚೇರಿಯಲ್ಲಿ, ಅಂಥವನು ಸಾಲಿನಲ್ಲಿ ನಿಂತಿರುವಾಗ ಯಂತ್ರದ ಮುಂದಿರುವವನು ಕೆಂಪು ಒಂಬತ್ತನ್ನು ಕಪ್ಪು ಹತ್ತರ ಮೇಲೆ ಇಡುತ್ತಿದ್ದಾನೆ ಎಂದು ಭಾವಿಸಿ. ಆಟದಲ್ಲಿ ಪಣವಿಲ್ಲ ಎನ್ನುವಂತಿಲ್ಲ. ಪಣ ರೈತನ ಕೂಲಿ. ತಾನು ಆಟದಲ್ಲಿದ್ದೇನೆಂದು ಅವನಿಗೆ ಗೊತ್ತೇ ಇಲ್ಲ. ಸಂಬಳಕ್ಕೆ ಮಾರಿದ ಗಂಟೆ ಮಾರಿದವನದಲ್ಲ, ಅದು ಅಮಾನತ್ತು. ದೇವನ ಹಕ್ಕಿನಲ್ಲಿ ಕೊರತೆಯಾದರೆ ಪಶ್ಚಾತ್ತಾಪದ ಬಾಗಿಲಿದೆ. ದಾಸರ ಹಕ್ಕಿನಲ್ಲಿ ಕೊರತೆಯಾದರೆ ಆ ದಾಸನನ್ನೇ ಹುಡುಕಿಕೊಂಡು ಹೋಗಬೇಕು.

2006ರಲ್ಲಿ ನ್ಯೂಯಾರ್ಕಿನ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕಚೇರಿಯೊಂದಕ್ಕೆ ಬಂದಾಗ ನೌಕರನೊಬ್ಬನ ಪರದೆಯಲ್ಲಿ ಸಾಲಿಟೇರ್ ಕಂಡಿತು. ನೌಕರನನ್ನು ಕೆಲಸದಿಂದ ತೆಗೆದರು. ಒಂದು ನೋಟಕ್ಕೆ ಒಬ್ಬನ ಅನ್ನ ಕಿತ್ತುಕೊಳ್ಳುವುದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ. ಆ ಹೊತ್ತಿನಲ್ಲಿ ಯಾರ ಕೆಲಸ ನಿಂತಿತ್ತು ಎಂದಾದರೂ ಕೇಳಬೇಕಿತ್ತು.

ಈ ಆಟವನ್ನು ಬರೆದವನು ವೆಸ್ ಚೆರ್ರಿ, ಮೈಕ್ರೋಸಾಫ್ಟಿನಲ್ಲಿ ಕೆಲಸ ಕಲಿಯಲು ಸೇರಿದ್ದ ವಿದ್ಯಾರ್ಥಿ. ಮೊದಲು ಅವನು ಅದರಲ್ಲಿ ಒಂದು ಕೀಲಿ ಇಟ್ಟಿದ್ದ. ಮೇಲಧಿಕಾರಿ ಬಂದೊಡನೆ ಅದನ್ನು ಒತ್ತಿದರೆ ಎಲೆಗಳು ಮಾಯವಾಗಿ ಸುಳ್ಳು ಲೆಕ್ಕದ ಹಾಳೆ ಕಾಣುತ್ತಿತ್ತು. ಕಂಪೆನಿ ಅದನ್ನು ತೆಗೆಸಿತು. ಜನರಿಗೆ ತಿಳಿಯುವುದನ್ನು ನಿನ್ನ ಮನಸ್ಸು ಯಾವುದರಲ್ಲಿ ಒಲ್ಲದೋ ಅದರಲ್ಲಿ ಪಾಪವಿದೆ ಎಂಬ ಅರ್ಥದ ಪ್ರವಾದಿ ವಚನವನ್ನು ಬಲ್ಲವರಿಗೆ ಆ ಕೀಲಿಯ ಕೆಲಸ ಬೇಗ ಅರ್ಥವಾಗುತ್ತದೆ. ಕಂಪೆನಿ ತೆಗೆಸಿದ ಕೀಲಿಯನ್ನು ನಾವು ಬೆರಳಲ್ಲೇ ಇಟ್ಟುಕೊಂಡಿದ್ದೇವೆ. ಹೆಂಡತಿಯೋ ಮಗನೋ ಹತ್ತಿರ ಬಂದರೆ ಮೊಬೈಲ್ ತಾನಾಗಿಯೇ ಮಗುಚಿಕೊಳ್ಳುತ್ತದೆ.

ಒಂದು ಪ್ರಶ್ನೆ ಉಳಿಯುತ್ತದೆ. ಗುಮಾಸ್ತ ತನ್ನ ಕೆಲಸ ಮುಗಿಸಿದ್ದಾನೆ, ಕೌಂಟರಿನಲ್ಲಿ ಯಾರೂ ಇಲ್ಲ, ಲುಹರ್ ಆಗಿದೆ, ಕಚೇರಿ ಮುಚ್ಚಲು ಇಪ್ಪತ್ತು ನಿಮಿಷವಿದೆ. ಆಡಬಹುದೇ? ಆಡಲಿ, ಪರದೆಯನ್ನು ಕೌಂಟರಿನ ಕಡೆಗೆ ತಿರುಗಿಸಿಟ್ಟು.